ಮೂರನೆಯ ಕೂಗು

1989ರಲ್ಲಿ ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಜವಾನನಾಗಿದ್ದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ನನ್ನ ಸರ್ವಿಸ್ ಪೂರ್ತಿ ಈ ನಾಲ್ಕು ಊರುಗಳ ನಡುವೆಯೇ ಮುಗಿಯಿತು. ಈ ಸಂಗತಿ ಯಾವ ಕಚೇರಿಯಲ್ಲಿ ನಡೆದದ್ದು ಎಂದು ಬರೆಯುವುದಿಲ್ಲ. ತಪ್ಪು ಮಾಡಿದವನು ನಾನು, ಕಟ್ಟಡವಲ್ಲ.

ನಾನು ಏಳನೆಯ ತರಗತಿಯಲ್ಲಿ ನಪಾಸಾದವನು. ಆದರೆ ದೇವರು ಗಂಟಲು ಕೊಟ್ಟಿದ್ದ. ಕಚೇರಿಯ ಜಗಲಿಯಲ್ಲಿ ನಿಂತು ನಾನು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರೂ ತಲೆ ಎತ್ತುತ್ತಿದ್ದರು. ಹಾಗಾಗಿ ಹೆಸರು ಕೂಗುವ ಕೆಲಸ ನನ್ನ ಪಾಲಿಗೆ ಬಂತು. ವಿಧವಾ ವೇತನಕ್ಕೋ ರೇಷನ್ ಕಾರ್ಡಿಗೋ ಅರ್ಜಿ ಹಾಕಿದವರನ್ನು ವಿಚಾರಣೆಯ ದಿನ ಹೆಸರು ಹಿಡಿದು ಕರೆಯಬೇಕು. ಗಂಡಸಾದರೆ ತಂದೆಯ ಹೆಸರು ಸೇರಿಸಿ ‘ಬಿನ್ ಇಂಥವರು’ ಎಂದು, ಹೆಂಗಸಾದರೆ ಗಂಡನ ಹೆಸರು ಸೇರಿಸಿ ‘ಕೋಂ ಇಂಥವರು’ ಎಂದು ಕೂಗುವುದು ಹಳೆಯ ಪದ್ಧತಿ. ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಯಾರೂ ಬರದಿದ್ದರೆ ಶಿರಸ್ತೇದಾರರು ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ‘ಗೈರುಹಾಜರು’ ಎಂದು ಬರೆಯುತ್ತಿದ್ದರು. ಅಲ್ಲಿಗೆ ಆ ಫೈಲು ಮುಗಿಯಿತು.

ಎಷ್ಟೋ ಫೈಲುಗಳು ಹಾಗೆ ಮುಗಿದವು. ಬಸ್ಸು ತಪ್ಪಿದವರು, ಮಗುವಿಗೆ ಹಾಲು ಕುಡಿಸಲು ಮರದಡಿಗೆ ಹೋದವರು, ಕಚೇರಿಯೊಳಗೆ ಬರಲು ಹೆದರಿ ಗೇಟಿನ ಆಚೆಯೇ ಕೂತವರು ಎಲ್ಲರೂ ನಮ್ಮ ಲೆಕ್ಕದಲ್ಲಿ ಗೈರುಹಾಜರು. ನನಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಕೂಗಿದ್ದೇನೆ, ಬಂದಿಲ್ಲ, ಅಷ್ಟೆ.

ಆ ವರ್ಷ ನನ್ನ ಅಕ್ಕ ಮುನಿವೆಂಕಟಮ್ಮ ವಿಧವಾ ವೇತನಕ್ಕೆ ಅರ್ಜಿ ಹಾಕಿದಳು.

ನಮ್ಮ ತಂದೆ ತಾಯಿ ಬೇಗ ಹೋದರು. ಅಕ್ಕ ಹನ್ನೊಂದನೆಯ ವಯಸ್ಸಿಗೇ ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ಕೂತಳು. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರೊಳಗೆ ಬೆರಳು ಹಾಕಿ ಎಳೆ ಹಿಡಿಯಬೇಕು. ನಾನು ಸ್ಕೂಲಿಗೆ ಹೋದದ್ದು, ಈ ಕೆಲಸಕ್ಕೆ ಸೇರಿದ್ದು ಎಲ್ಲ ಅವಳ ಆ ಬೆರಳುಗಳಿಂದ. ಗಂಡ ತೀರಿಕೊಂಡ ಮೇಲೂ ಅವಳು ಗಂಡನ ಊರಿನಲ್ಲೇ ಇದ್ದು ಚರಕಕ್ಕೆ ಹೋಗುತ್ತಿದ್ದಳು. ಬೆರಳ ತುದಿಯ ಚರ್ಮ ಸುಲಿದು ಕೀವಾಗಿತ್ತು. ಆಸ್ಪತ್ರೆಯ ಡಾಕ್ಟರು ಆರು ತಿಂಗಳು ಕೈಗೆ ನೀರು ಸೋಕಿಸಬೇಡ ಎಂದಿದ್ದರು. ನೀರು ಸೋಕದಿದ್ದರೆ ಊಟವಿಲ್ಲ. ಅದಕ್ಕಾಗಿ ಅರ್ಜಿ.

ಆದರೆ ನಾನು ಕಚೇರಿಯಲ್ಲಿ ಬೇರೆ ಕಥೆ ಹೇಳಿಕೊಂಡಿದ್ದೆ. ಚರಕದ ಹೆಂಗಸರು ಬಂದರೆ ಬೇಯಿಸಿದ ಹುಳದ ವಾಸನೆ ಎಂದು ಗುಮಾಸ್ತರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವರೊಂದಿಗೆ ನಾನೂ ಮುಚ್ಚಿಕೊಂಡು ನಕ್ಕಿದ್ದೆ. ನನ್ನ ಅಕ್ಕ ದೊಡ್ಡಬಳ್ಳಾಪುರದಲ್ಲಿದ್ದಾಳೆ, ಭಾವನದು ಬಟ್ಟೆ ಅಂಗಡಿ ಎಂದು ಶಿರಸ್ತೇದಾರರಿಗೆ ಹೇಳಿದ್ದೆ.

ವಿಚಾರಣೆಯ ಹಿಂದಿನ ದಿನ ಅಕ್ಕನಿಗೆ ಹೇಳಿದೆ: “ಕಚೇರೀಲಿ ನನ್ನ ಗುರುತು ಇದ್ದಂಗೆ ತೋರಿಸ್ಬೇಡ ಕಣಕ್ಕ. ಸಂಬಂಧಿಕರು ಅಂದ್ರೆ ಅನುಮಾನ ಪಡ್ತಾರೆ.”

“ಆಯ್ತು ಬಿಡಪ್ಪ, ನೀನ್ಯಾರೋ ನಾನ್ಯಾರೋ,” ಎಂದು ನಕ್ಕಳು.

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಬಂದು ಕಚೇರಿ ಮುಂದಿನ ಹೊಂಗೆಮರದ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ವಿಚಾರಣೆ ಶುರುವಾಗಿತ್ತು. ಒಬ್ಬೊಬ್ಬ ಹೆಂಗಸನ್ನೂ ಶಿರಸ್ತೇದಾರರು ಕೇಳುತ್ತಿದ್ದರು: “ಅಣ್ಣ ತಮ್ಮಂದಿರು ಇದಾರಾ? ಏನ್ ಮಾಡ್ತಾರೆ?” ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೇಳಿದರೆ ಬಾಗಿಲಲ್ಲಿ ನಿಂತ ನನ್ನನ್ನೇ ತೋರಿಸುತ್ತಾಳೆ.

ಅವಳ ಸರದಿ ಬಂತು. ಜಗಲಿಗೆ ಬಂದೆ. “ಮುನಿವೆಂಕಟಮ್ಮ ಕೋಂ ಪಿಳ್ಳಪ್ಪ” ಎಂದು ಕೂಗಿದೆ. ಕೂಗಿದೆ ಎನ್ನುವುದು ಸುಳ್ಳು. ಪಕ್ಕದಲ್ಲಿ ನಿಂತವರೊಡನೆ ಮಾತಾಡುವಷ್ಟು ದನಿಯಲ್ಲಿ ಅಂದೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ತುಟಿ ಅಲ್ಲಾಡಿತು, ಅಷ್ಟೆ. ಅಕ್ಕ ಮರದಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಒಳಗೆ ಹೋಗಿ, “ಬಂದಿಲ್ಲ ಸಾರ್,” ಎಂದೆ. ಕೆಂಪು ಶಾಯಿ ಬಿತ್ತು.

ಸಂಜೆ ಅವಳಿಗೆ, “ಈ ಸಲ ಲಿಸ್ಟಲ್ಲಿ ನಿನ್ ಹೆಸರು ಇರ್ಲಿಲ್ಲಕ್ಕ,” ಎಂದೆ. ಅವಳು ಏನೂ ಕೇಳದೆ ಬಸ್ ಹತ್ತಿದಳು. ಮರುದಿನ ಮತ್ತೆ ಬಿಸಿನೀರಿಗೆ ಕೈ ಹಾಕಿದಳು.

ಎರಡು ವರ್ಷ ಹೀಗೆಯೇ ಹೋಯಿತು. 1991ರಲ್ಲಿ ನಮ್ಮ ಕಚೇರಿಗೆ ಹೊಸ ತಹಶೀಲ್ದಾರರು ಬಂದರು. ಹೆಂಗಸು, ಚಿಕ್ಕ ವಯಸ್ಸು, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಟ. ಬಂದ ವಾರದಲ್ಲೇ ಹಳೆಯ ಬೀರು ತೆಗೆಸಿ ಕೆಂಪು ಶಾಯಿಯ ಫೈಲುಗಳನ್ನೆಲ್ಲ ಮೇಜಿನ ಮೇಲೆ ಹಾಕಿಸಿದರು. ಎದೆಯುದ್ದದ ರಾಶಿ!

“ಇಷ್ಟು ಜನ ಬೇಕು ಅಂತ ಅರ್ಜಿ ಹಾಕಿ, ಬೇಡ ಅಂತ ಮನೇಲಿ ಕೂತ್ರಾ?” ಎಂದು ಕೇಳಿದರು. ಶಿರಸ್ತೇದಾರರು, “ಹಳ್ಳಿ ಜನ ಮೇಡಂ, ಜವಾಬ್ದಾರಿ ಇಲ್ಲ,” ಎಂದರು. ಮೇಡಂ ನನ್ನ ಕಡೆ ತಿರುಗಿದರು. “ಕೂಗೋರು ನೀವಲ್ವಾ? ನೀವು ಹೇಳಿ.”

ಅಧಿಕಾರಿಯೊಬ್ಬರು ಜವಾನನ ಅಭಿಪ್ರಾಯ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ನಾಲಿಗೆ ತಾನಾಗಿ ಹೊರಳಿತು. “ನಾವು ಇಲ್ಲಿ ಕೂಗ್ತೀವಿ ಮೇಡಂ, ಅವರು ಅಲ್ಲಿರ್ತಾರೆ. ಅವರ ಊರಲ್ಲೇ ನಿಂತು ಕೂಗಿದ್ರೆ ಬರ್ತಾರೆ.”

ಮೇಡಂ ಮೇಜು ಕುಟ್ಟಿದರು. “ಹಂಗಾದ್ರೆ ಹೋಗಣ!”

ಆ ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪ್ರತಿ ಗುರುವಾರ ಕಚೇರಿಯೇ ಊರಿಗೆ ಹೊರಡುತ್ತಿತ್ತು. ಜೀಪಿನಲ್ಲಿ ಫೈಲಿನ ಟ್ರಂಕು, ಮೊಹರು, ಶಾಯಿ ಪ್ಯಾಡು, ಸರ್ಕಾರಿ ಮುದ್ರೆಯ ತೂಕದ ಕಲ್ಲುಗಳು, ಸೀಮೆಎಣ್ಣೆಯ ಅಳತೆ ಡಬ್ಬ, ಮೇಲೆ ನಾನು! ಸ್ಕೂಲಿನ ಬೆಂಚು ಹೊರಗಿಟ್ಟರೆ ಅದೇ ಕೋರ್ಟು. ಮೊದಲ ಊರಿನಲ್ಲೇ ಮೇಡಂ ರೇಷನ್ ಅಂಗಡಿಯ ಅಳತೆಯಿಂದ ಸೀಮೆಎಣ್ಣೆಯನ್ನು ನಮ್ಮ ಡಬ್ಬಕ್ಕೆ ಸುರಿಸಿದರು. ಅಂಗಡಿಯ ಪೂರ್ತಿ ಅಳತೆ ಸುರಿದರೂ ಎಣ್ಣೆ ನಮ್ಮ ಡಬ್ಬದ ಕುತ್ತಿಗೆ ಮುಟ್ಟುವ ಮೊದಲೇ ನಿಂತಿತು. ಆಮೇಲೆ ಹೆಂಗಸರ ಗುಂಪಿನಿಂದ ಎದ್ದ ಗಲಾಟೆ! “ನಮ್ ಮನೆ ದೀಪ ಬೇಗ ಆರೋದು ಯಾಕೆ ಅಂತ ಇವತ್ ಗೊತ್ತಾಯ್ತು ನೋಡ್ರೇ!”

ಕೂಗುವ ಕೆಲಸವೂ ಬದಲಾಯಿತು. ನಾನು ಒಂದು ಹೆಸರು ಕೂಗಿದರೆ ಇಡೀ ಊರು ಉತ್ತರ ಕೊಡುತ್ತಿತ್ತು. “ಗುಂಡಮ್ಮಾನಾ? ಉಂದಿ ಸಾರ್, ಇಕ್ಕಡೇ ಉಂದಿ!” ಎಂದು, ಅವಳು ಇಲ್ಲೇ ಇದ್ದಾಳೆಂದು ತೆಲುಗಿನಲ್ಲಿ ಒಬ್ಬರು ಕೂಗಿದರೆ, ಇನ್ನೊಬ್ಬರು, “ಹೊಲಕ್ ಹೋಗವ್ಳೆ, ಇರಿ, ಸೈಕಲ್‌ನಾಗೆ ಕರ್ಕೊಂಡ್ ಬರ್ತೀನಿ,” ಎಂದು ಪೆಡಲ್ ತುಳಿಯುತ್ತಿದ್ದರು. ಸತ್ತವರ ಹೆಸರಿನ ಕಾರ್ಡು ಯಾರ ಮನೆಯಲ್ಲಿದೆ, ನಿಜವಾಗಿ ಕಷ್ಟದಲ್ಲಿರುವವರು ಯಾರು ಎಂಬುದೆಲ್ಲ ಊರ ಬಾಯಲ್ಲೇ ಬರುತ್ತಿತ್ತು. ನಮ್ಮ ಬೀರುವಿಗೆ ಗೊತ್ತಿಲ್ಲದ್ದು ಆ ಬೆಂಚಿನ ಸುತ್ತ ನಿಂತವರಿಗೆ ಗೊತ್ತಿತ್ತು. ಸಾಯಂಕಾಲ ಗಂಟಲು ಕಟ್ಟಿರುತ್ತಿತ್ತು, ಆದರೂ ಮುಂದಿನ ಗುರುವಾರ ಯಾವಾಗ ಬಂದೀತು ಎಂದು ಕಾಯುತ್ತಿದ್ದೆ.

ಐದನೆಯ ಗುರುವಾರ ಜೀಪು ಅಕ್ಕನ ಊರಿಗೆ ಹೊರಟಿತು.

ಹಿಂದಿನ ದಿನವೇ ಪಟ್ಟಿಯಲ್ಲಿ ಅವಳ ಹೆಸರು ನೋಡಿದ್ದೆ. ಜ್ವರ ಎಂದು ರಜೆ ಹಾಕೋಣ ಎನಿಸಿತು. ಆದರೆ ನಾನಿಲ್ಲದೆ ಬೇರೆ ಯಾರಾದರೂ ಆ ಹೆಸರು ಕೂಗುವುದು ಸಹಿಸಲಾಗಲಿಲ್ಲ. ದೇವಸ್ಥಾನದ ಮುಂದೆ ಬೆಂಚು ಹಾಕಿದೆವು. ಚರಕದ ಮನೆಗಳಿಂದ ಹೊಗೆ ಏಳುತ್ತಿತ್ತು. ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ಅವಳದು. ಎಂಟು ಮುಗಿದವು. ನಾನು ಉಸಿರು ತುಂಬಿಕೊಂಡೆ.

“ಮುನಿವೆಂಕಟಮ್ಮ ಕೋಂ ಪಿಳ್ಳಪ್ಪಾ!”

ಕೂಗು ಚರಕದ ಮನೆಗಳ ಆಚೆ ಕೆರೆ ಏರಿಯವರೆಗೂ ಹೋಯಿತು. ಜನ ಗೊಳ್ಳೆಂದು ನಕ್ಕರು. ಮುಂದೆ ಕೂತಿದ್ದ ಚೌಡಮ್ಮ ಎಂಬ ಮುದುಕಿ, “ಯಾಕೋ ನಾರಾಯಣಪ್ಪ, ಒಡಹುಟ್ಟಿದ ಅಕ್ಕನ್ನ ಹಿಂಗ್ ಕೂಗೋದು? ಬಾ ಅಕ್ಕ ಅನ್ನಕ್ ಬರಲ್ವಾ?” ಎಂದಳು.

ಶಿರಸ್ತೇದಾರರು ಕನ್ನಡಕ ತೆಗೆದರು. “ನಿಮ್ಮಕ್ಕ ದೊಡ್ಡಬಳ್ಳಾಪುರದಲ್ಲಿ ಅಲ್ವೇನಯ್ಯಾ? ಬಟ್ಟೆ ಅಂಗಡಿ?”

“ಬಟ್ಟೆ ಅಂಗಡಿನಾ!” ಚೌಡಮ್ಮ ತೊಡೆ ತಟ್ಟಿಕೊಂಡು ನಕ್ಕಳು. “ಅವಳ ಮೈಮೇಲಿರೋದೇ ಒಂದು ಸೀರೆ.”

ಅಷ್ಟರಲ್ಲಿ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಅದೇ ವಾಸನೆ. ಯಾರೂ ಮೂಗು ಮುಚ್ಚಲಿಲ್ಲ. ಆ ಊರಿನಲ್ಲಿ ಎಲ್ಲರ ಮೈಯದೂ ಅದೇ ವಾಸನೆ.

ಮೇಡಂ ಫೈಲು ಬಿಡಿಸಿ ಅಕ್ಕನಿಗೆ ವಿವರಿಸಿದರು. “ನೋಡಿ ಅಮ್ಮ, ಅವತ್ತು ನೀವೇ ಬರ್ಲಿಲ್ಲ ಅಂದ್ರೆ ಈ ಫೈಲು ಮುಗೀತು. ಹೊಸ ಅರ್ಜಿ ಹಾಕ್ಬೇಕು, ಮತ್ತೆ ಎಲ್ಲಾ ಸರ್ಟಿಫಿಕೇಟು, ಮತ್ತೆ ವರ್ಷಗಟ್ಲೆ ಕಾಯ್ಬೇಕು. ಕಚೇರಿ ಕಡೆಯಿಂದ ತಪ್ಪಾಗಿದ್ರೆ ಮಾತ್ರ ಇದೇ ಫೈಲನ್ನ ಇವತ್ತೇ ತೆಗೀತೀನಿ. ಹೇಳಿ, ಅವತ್ತು ಬಂದಿದ್ರಾ?”

ಅಕ್ಕ ಒಂದು ಸಲ ನನ್ನ ಮುಖ ನೋಡಿದಳು.

“ಇಲ್ಲ ಅಮ್ಮಾವ್ರೇ. ನಾನೇ ಬರ್ಲಿಲ್ಲ. ಗೂಡು ಜಾಸ್ತಿ ಇತ್ತು, ಕೆಲಸ ಬಿಡಕ್ಕಾಗ್ಲಿಲ್ಲ.”

ಸುಳ್ಳು ಹೇಳಲು ಬಾರದ ಅಕ್ಕ! ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಇನ್ನೊಂದು ನಿಮಿಷ ನಾನು ಸುಮ್ಮನಿದ್ದಿದ್ದರೆ ನನ್ನ ನೌಕರಿಗೆ ಯಾವ ಅಪಾಯವೂ ಇರುತ್ತಿರಲಿಲ್ಲ, ಅವಳು ಮತ್ತೆ ಬಿಸಿನೀರಿಗೆ ಕೈ ಹಾಕುತ್ತಿದ್ದಳು.

“ಬಂದಿದ್ಲು ಮೇಡಂ,” ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ನಾನೇ ಬೆಚ್ಚಿದೆ. “ಎಲ್ಲರಿಗಿಂತ ಮೊದ್ಲು ಬಂದು ಹೊಂಗೆಮರದ ಕೆಳಗೆ ಕೂತಿದ್ಲು. ನಾನೇ ಮೆತ್ತಗೆ ಕೂಗ್ದೆ. ಇವಳು ನಮ್ಮಕ್ಕ ಅಂತ ಯಾರ್ಗೂ ಗೊತ್ತಾಗ್ಬಾರ್ದು ಅಂತ. ಮೂರನೇ ಸಲ ಕೂಗ್ಲೇ ಇಲ್ಲ.”

ಚೌಡಮ್ಮನೂ ನಗಲಿಲ್ಲ. ಮೇಡಂ ಪೆನ್ನನ್ನು ನನ್ನ ಕಡೆ ಚಾಚಿದರು. “ಇದನ್ನ ಬರೆದು ಸಹಿ ಹಾಕ್ತೀರಾ?”

ನಾನು ಬೆಂಚಿಗೆ ಬಗ್ಗಿ, ಬರುವಷ್ಟು ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಕೆಂಪು ಶಾಯಿಯ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಅಕ್ಕನ ಎಡಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಇಟ್ಟರು. ಬರೀ ಕಪ್ಪು ಮಚ್ಚೆ ಬಿತ್ತು. ಮತ್ತೆ ಒತ್ತಿದರು. ಮತ್ತೂ ಮಚ್ಚೆಯೇ. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಬಲಗೈಯ ಎರಡು ಬೆರಳುಗಳಂತೂ ಮಡಚಲು ಬರುತ್ತಿರಲಿಲ್ಲ. ಅದು ಆ ಎರಡು ವರ್ಷಗಳಲ್ಲಿ ಆದದ್ದು.

“ಗುರುತು ಹೇಳೋರು ಬೇಕಲ್ಲ,” ಎಂದರು ಮೇಡಂ.

“ನಾವಿಲ್ವಾ!” ಎಂದು ಇಡೀ ಗುಂಪು ಮುಂದೆ ನುಗ್ಗಿತು. ಸಹಿ ಬಲ್ಲವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು, ಕಾಗದದಲ್ಲಿ ಜಾಗ ಸಾಲದೆ ಹಿಂಬದಿಗೂ ಹೋದರು. ಎಲ್ಲರ ಕೊನೆಗೆ ಮೇಡಂ ಆ ಕಾಗದವನ್ನು ನನ್ನ ಕಡೆ ತಿರುಗಿಸಿದರು. ನಾನು ಬರೆದೆ: ‘ಈಕೆ ನನ್ನ ಸ್ವಂತ ಅಕ್ಕ.’ ಕೆಳಗೆ ನನ್ನ ಸಹಿ.

ಮುಂದಿನ ತಿಂಗಳಿನಿಂದ ಪೋಸ್ಟ್‌ಮ್ಯಾನ್ ವೇತನದ ಮನಿಯಾರ್ಡರ್ ಹಿಡಿದು ಅವಳ ಬಾಗಿಲಿಗೆ ಬರತೊಡಗಿದ. ಅಕ್ಕ ಚರಕ ಬಿಟ್ಟಳು. ನನಗೆ ನೋಟಿಸು ಬಂತು. ವಾಗ್ದಂಡನೆಯ ಸಾಲು ಸರ್ವಿಸ್ ಪುಸ್ತಕದಲ್ಲಿ ಈಗಲೂ ಇದೆ. ಅದಕ್ಕೆ ನಾನು ಅಪೀಲು ಹಾಕಲಿಲ್ಲ.

ಆ ದಿನ ಜೀಪಿಗೆ ಟ್ರಂಕು ಏರಿಸುತ್ತಿದ್ದಾಗ ಅಕ್ಕ ನೀರು ತಂದುಕೊಟ್ಟಳು. “ಯಾಕಕ್ಕ ಸುಳ್ಳು ಹೇಳ್ದೆ?” ಎಂದೆ.

“ನನಗೆ ಅವತ್ತೇ ಕೇಳಿಸಿತ್ತು ಕಣೋ,” ಎಂದಳು. “ಮೊದಲನೇ ಸಲಾನೇ ಕೇಳಿಸ್ತು. ಚಿಕ್ಕಂದಿನಿಂದ ನಿನ್ ದನಿ ಕೇಳ್ದೋಳು ನಾನು. ನಾನ್ ಬರೋದು ನಿನಗೆ ಬೇಡ ಅಂತ ತಿಳೀತು. ಅದಕ್ಕೇ ಏಳಲಿಲ್ಲ.”

ಆ ಮಾತು ನನಗೆ ಕೆಲಸ ಕಲಿಸಿತು. ಬರಲಿಲ್ಲ ಎಂದು ಬರೆಯುವ ಮೊದಲು, ನಾವು ಅವರನ್ನು ನಿಜವಾಗಿ ಕರೆದೆವೇ ಎಂದು ನೋಡಬೇಕು. ನಿವೃತ್ತನಾಗುವ ತನಕ, ಯಾವ ಊರಿಗೆ ವರ್ಗವಾದರೂ, ಮೂರನೆಯ ಕೂಗನ್ನು ನಾನು ಜಗಲಿಯಿಂದ ಕೂಗಲಿಲ್ಲ. ಗೇಟು ದಾಟಿ, ಮರದಡಿ ಕೂತವರ ಮುಖ ನೋಡುತ್ತ, ಅವರ ನಡುವೆ ನಡೆದುಕೊಂಡೇ ಕೂಗಿದೆ.

ಅಕ್ಕನಿಗೆ ಈಗ ವಯಸ್ಸಾಗಿದೆ, ಕಿವಿ ಮಾತ್ರ ಚುರುಕು. ಅವಳ ಮನೆಗೆ ಹೋದಾಗಲೆಲ್ಲ ಬಾಗಿಲಲ್ಲಿ ನಿಂತು “ಅಕ್ಕಾ” ಎಂದು ಕರೆಯುತ್ತೇನೆ. ಒಳಗೆ ಬಳೆ ಸದ್ದಾಗುತ್ತದೆ, ಉತ್ತರ ಬರುವುದಿಲ್ಲ. ಮತ್ತೆ ಕರೆಯುತ್ತೇನೆ. ಆಗಲೂ ಇಲ್ಲ. ಬೀದಿಯವರೆಲ್ಲ ತಿರುಗಿ ನೋಡುವಂತೆ ಮೂರನೆಯ ಸಲ ಕೂಗಿದ ಮೇಲೆಯೇ ಅವಳು ನಗುತ್ತ ಹೊರಗೆ ಬರುವುದು.