ಅಡುಗೆಯಕ್ಕನ ಬಾಟ್ಲಿ ತೋಟ

ಕಳೆದ ಮಳೆಗಾಲದಲ್ಲಿ ಜ್ವರ ಹಿಡಿದು ಮೂಡಿಗೆರೆಯ ಆಸ್ಪತ್ರೆಯೊಂದರಲ್ಲಿ ಎರಡು ದಿನ ಮಲಗಿದ್ದೆ. ಕೈಗೆ ಸಲೈನ್ ಹಾಕಿದ್ದರು. ನರ್ಸ್ ಬಂದು ಟ್ಯೂಬಿನ ಪುಟ್ಟ ಬಿಳಿ ಚಕ್ರವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ, ಹನಿ ಬೀಳುವುದನ್ನೇ ನೋಡುತ್ತ ನಿಂತಳು. ನಾನು ಮುಖ ಆಚೆ ತಿರುಗಿಸಿಕೊಂಡೆ. ಸೂಜಿ ನೋಯುತ್ತಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಆ ಚಕ್ರವನ್ನು ಹಾಗೆಯೇ ತಳ್ಳುತ್ತಿದ್ದ ಇನ್ನೊಂದು ಹೆಬ್ಬೆರಳು ನೆನಪಾಗಿತ್ತು... ಅರಿಶಿನದ ಕಲೆ ಎಂದೂ ಹೋಗದ ಹೆಬ್ಬೆರಳು.

ಹದಿಮೂರು ವರ್ಷಗಳ ಹಿಂದೆ ನಾನು ಬಾಳೂರಿನ ಮೇಲುಗಡೆ, ಎಸ್ಟೇಟುಗಳ ನಡುವಿನ ಒಂದು ಚಿಕ್ಕ ಶಾಲೆಯಲ್ಲಿ ಟೀಚರಾಗಿದ್ದೆ. ಇಪ್ಪತ್ತಮೂರು ಮಕ್ಕಳು. ಪಾಠಕ್ಕೆ ನಾನೊಬ್ಬಳು, ಬಿಸಿಯೂಟಕ್ಕೆ ಅವಳೊಬ್ಬಳು. ಮಕ್ಕಳ ಬಾಯಲ್ಲಿ ಅವಳು ಅಡುಗೆಯಕ್ಕ. ನನಗೂ ಹಾಗೇ ರೂಢಿಯಾಯಿತು. ಗಂಡ ಜೀಪು ಓಡಿಸುತ್ತಿದ್ದರು. ಮಕ್ಕಳಿರಲಿಲ್ಲ.

ಶಾಲೆಯ ಸುತ್ತ ಮೊದಲು ಏನೂ ಇರಲಿಲ್ಲ, ಬರೀ ಕೆಂಪು ಮಣ್ಣು. ಅವಳು ಬಂದ ಎರಡನೇ ವರ್ಷದಲ್ಲಿ ಅದು ತೋಟವಾಯಿತು. ದುಡ್ಡು ಕೊಟ್ಟು ತಂದದ್ದು ಅದರಲ್ಲಿ ಒಂದೂ ಇಲ್ಲ. ಗಂಡನ ಜೀಪಿನ ಸವೆದ ಟೈರುಗಳನ್ನು ಕತ್ತರಿಸಿ, ಒಳಗಿನದು ಹೊರಗಾಗುವಂತೆ ಮಗುಚಿ, ಸುಣ್ಣ ಬಳಿದು ಡೇಲಿಯಾ ನೆಟ್ಟಳು. ತೂತುಬಿದ್ದ ಗಂಬೂಟುಗಳನ್ನು ಗೋಡೆಗೆ ಸಾಲಾಗಿ ಮೊಳೆ ಹೊಡೆದು ನೇತುಹಾಕಿದಳು. ಒಂದೊಂದರ ಬಾಯಿಂದಲೂ ಗೌರಿ ಹೂ ಇಣುಕುತ್ತಿತ್ತು. ಬಟ್ಟೆ ಹರಿದ ಕೊಡೆಗಳ ಕಡ್ಡಿಗಳನ್ನು ಬಿಡಿಸಿ ನೆಲಕ್ಕೆ ಊರಿ ಬಸಳೆ ಹಬ್ಬಿಸಿದಳು. ಬಿರುಕುಬಿಟ್ಟ ಕುಕ್ಕರಿನಲ್ಲಿ ದೊಡ್ಡಪತ್ರೆ. ಯಾರ ಮನೆಯ ಹಿತ್ತಿಲಲ್ಲಿ ಏನು ಬಿದ್ದಿದ್ದರೂ ಅವಳ ಕಣ್ಣು ಅದರ ಮೇಲೆ. ಬಸಳೆ, ಕೊತ್ತಂಬರಿ, ಮೆಣಸಿನಕಾಯಿ ಎಲ್ಲ ಮಕ್ಕಳ ಸಾಂಬಾರಿಗೇ ಹೋಗುತ್ತಿತ್ತು. ನೋಡಲು ಬಂದ ಅಧಿಕಾರಿಗಳು ಫೋಟೋ ತೆಗೆದುಕೊಂಡು ಹೋದರು. ಹೊಗಳಿದ್ದು ಮಾತ್ರ ನನ್ನನ್ನು. ನಾನು ಅದನ್ನು ತಿದ್ದಲೂ ಇಲ್ಲ.

ಆ ವರ್ಷ ಕಾಫಿಗೆ ಹೂ ಬಿಡಿಸುವ ಹೂಮಳೆ ತಡವಾಯಿತು. ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುತ್ತಿದ್ದ ನೀರು ಮಾರ್ಚ್ ಹೊತ್ತಿಗೆ ಬೆರಳಿನಷ್ಟಾಯಿತು. ಅಡುಗೆಗೇ ಸಾಲದು, ಇನ್ನು ಗಿಡಕ್ಕೆಲ್ಲಿ. ಅವಳು ದನದ ಡಾಕ್ಟರ ಕಾಂಪೌಂಡರಿಂದ ಹಳೆ ಸಲೈನ್ ಟ್ಯೂಬುಗಳನ್ನು ಕೇಳಿ ತಂದು, ಕುದಿಸಿ ತೊಳೆದು ಇಟ್ಟುಕೊಂಡಳು. ಬಾಟ್ಲಿಯ ಮುಚ್ಚಳಕ್ಕೆ ತೂತು ಮಾಡಿ ಟ್ಯೂಬು ಸಿಕ್ಕಿಸುವುದು, ತಳಕ್ಕೆ ಕಾದ ಮೊಳೆಯಿಂದ ಗಾಳಿ ಹೋಗಲು ಒಂದು ತೂತು, ಬೇಲಿಗೆ ತಲೆಕೆಳಗಾಗಿ ಕಟ್ಟುವುದು. ಚಕ್ರ ತಿರುಗಿಸಿದರೆ ದಿನವಿಡೀ ಗಿಡದ ಬುಡಕ್ಕೆ ಹನಿ ಹನಿ. ಒಂದು ಬಾಟ್ಲಿ ನೀರಿನಲ್ಲಿ ಒಂದು ಗಿಡ ಎರಡು ದಿನ ಬದುಕುತ್ತಿತ್ತು. ಟ್ಯೂಬಿನಲ್ಲಿ ಗಾಳಿ ಸಿಕ್ಕಿಕೊಂಡರೆ ತುದಿಯನ್ನು ಬಾಯಲ್ಲಿಟ್ಟು ಒಮ್ಮೆ ಎಳೆಯುತ್ತಿದ್ದಳು, ಅಷ್ಟೆ.

ಮಕ್ಕಳಿಗೆ ಹೇಳಿದವಳು ನಾನು. ನಾಳೆ ಎಲ್ಲರೂ ಮನೆಯಿಂದ ಒಂದೊಂದು ಬಾಟ್ಲಿ ನೀರು ತನ್ನಿ, ಅದಲುಬದಲಾಗದ ಹಾಗೆ ಹೆಸರು ಬರೆದು ಅಂಟಿಸಿ, ನಿಮ್ಮ ನಿಮ್ಮ ಹೆಸರಿಗೆ ಒಂದು ಗಿಡ ಎಂದೆ. ಖಾಲಿ ಬಾಟ್ಲಿಯನ್ನು ತೊಳೆದು ತನ್ನಿ ಎಂದು ಹೇಳಲಿಲ್ಲ. ಯಾವ ಬಾಟ್ಲಿ ಮುಟ್ಟಬಾರದು ಎಂದೂ ಹೇಳಲಿಲ್ಲ...

ಮರುದಿನ ಶುಕ್ರವಾರ. ಇಪ್ಪತ್ತಮೂರು ಬಾಟ್ಲಿಗಳು ಜಗಲಿಯ ಮೇಲೆ ನಿಂತವು. ಒಲೆಯ ಮೇಲೆ ಸಾಂಬಾರು ಕುದಿಯುತ್ತಿರುವಾಗಲೇ ಅವಳು ಒಂದೊಂದಕ್ಕೇ ಟ್ಯೂಬು ಹಾಕಿ ಕಟ್ಟುತ್ತ ಹೋದಳು. ಮೂರು ದಿನದಿಂದ ನೆಗಡಿ ಹಿಡಿದು ಅವಳಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ನಾನು ಹೊರಗೆ ಬಂದಾಗ ಅವಳು ಬೇಲಿಗೆ ಒರಗಿ ಉಗುಳುತ್ತಿದ್ದಳು. ಒಂದು ಹಸಿರು ಬಾಟ್ಲಿಯ ಟ್ಯೂಬಿನಿಂದ ನೀರು ಇಳಿಯದೆ, ಬಾಯಿಟ್ಟು ಜೋರಾಗಿ ಎಳೆದಿದ್ದಳು. ಒಂದು ಗುಟುಕು ಒಳಗೇ ಹೋಗಿತ್ತು.

ನಾನು ಮುಚ್ಚಳ ತೆಗೆದು ಮೂಸಿದೆ. ಅಂಗೈಗೆ ಸ್ವಲ್ಪ ಬಗ್ಗಿಸಿದೆ. ಕಳೆ ಹುಲ್ಲು ಸಾಯಲು ಹೊಡೆಯುವ ಔಷಧಿ. ತೋಟದ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ನಾತ ಹೇಳಿಕೊಡಬೇಕಿಲ್ಲ. ಮನೆಯ ಶೆಡ್ಡಿನಲ್ಲಿ ಯಾರೋ ಅರ್ಧ ಉಳಿದದ್ದನ್ನು ತಂಪು ಪಾನೀಯದ ಬಾಟ್ಲಿಗೆ ಹಾಕಿಟ್ಟಿದ್ದರು; ಮಗು ಅದು ನೀರೆಂದುಕೊಂಡು, ಮೇಲಿಷ್ಟು ನೀರು ತುಂಬಿಸಿ ತಂದಿತ್ತು. ಬಾಟ್ಲಿಗೆ ಅಂಟಿಸಿದ ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ದುಂಡಗೆ ಬರೆದ ಹೆಸರು. ಮೂರನೇ ಕ್ಲಾಸಿನ ಹುಡುಗಿ.

ಅಡುಗೆಯಕ್ಕನೂ ಓದಿದಳು. ನಾನು ಏನಾದರೂ ಹೇಳುವ ಮೊದಲೇ ಉಗುರಿನಿಂದ ಆ ಚೀಟಿಯನ್ನು ಕೆರೆದು ತೆಗೆದು, ಒಲೆಗೆ ಹಾಕಿ ಬಂದಳು.

"ಟೀಚರೇ, ಆ ಮಗು ಹೆಸ್ರು ಎಲ್ಲೂ ಬರ್ಬಾರ್ದು. ಎಂಟು ವರ್ಷದ್ದು ಅದು."

ಆಸ್ಪತ್ರೆಗೆ ಹೋಗೋಣ ಎಂದೆ. ಒಂದು ಗುಟುಕಿಗೆ ಏನಾಗುತ್ತೆ, ಮಕ್ಕಳ ಊಟ ಆಗಲಿ ಎಂದಳು. ಹತ್ತು ಸಲ ಬಾಯಿ ಮುಕ್ಕಳಿಸಿ, ಒಂದು ತುಂಡು ಬೆಲ್ಲ ತಿಂದಳು. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಮೇಲಿನ ತಿರುವಿನಲ್ಲಿ ಮಾತ್ರ. ಓಡಿದರೆ ಹತ್ತು ನಿಮಿಷ. ನಾನು ಓಡಲಿಲ್ಲ. ಊಟದ ಗಂಟೆ ಹೊಡೆದೆ. ಬಾಟ್ಲಿಯನ್ನು ಗುಂಡಿ ತೋಡಿ ಹೂತೆ. ಅವಳು ಎಂದಿನಂತೆ ಸಾಂಬಾರನ್ನು ಮೊದಲು ತಾನು ರುಚಿ ನೋಡಿ ಮಕ್ಕಳಿಗೆ ಬಡಿಸಿದಳು. ಆಮೇಲೆ ಹಿಂದುಗಡೆ ಹೋಗಿ ವಾಂತಿ ಮಾಡಿಕೊಂಡಳು.

ಶನಿವಾರ ಚೆನ್ನಾಗಿಯೇ ಇದ್ದಳು. ನೋಡಿ, ಏನೂ ಆಗಲಿಲ್ಲ ಎಂದು ನನಗೇ ಧೈರ್ಯ ಹೇಳಿದಳು. ಗಂಡನಿಗೆ ಹೇಳಿರಲಿಲ್ಲ. ಸೋಮವಾರ ಬಂದಾಗ ನಾಲಿಗೆ ಬೆಂದುಹೋಗಿತ್ತು. ಗಂಜಿ ಕೂಡ ಇಳಿಯುತ್ತಿರಲಿಲ್ಲ. ಆಗ ಮೂಡಿಗೆರೆಗೆ, ಅಲ್ಲಿಂದ ಅದೇ ದಿನ ಮಂಗಳೂರಿಗೆ. ಮೊದಲು ಕಿಡ್ನಿ ಹೋಯಿತು, ಆಮೇಲೆ ಶ್ವಾಸಕೋಶ. ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. ಕುಡಿದ ಕೂಡಲೇ ತಂದಿದ್ದರೆ ನೋಡಬಹುದಿತ್ತು ಎಂದೂ ಹೇಳಿದರು. ಉಸಿರಿಗೆ ಒದ್ದಾಡುತ್ತಿದ್ದವಳಿಗೆ ಆಕ್ಸಿಜನ್ ಕೊಡಲೂ ಅವರು ಹಿಂದೆಮುಂದೆ ನೋಡುತ್ತಿದ್ದರು. ಈ ವಿಷಕ್ಕೆ ಅದು ಇನ್ನಷ್ಟು ಬೆಂಕಿ ಹಾಕಿದಂತೆ ಎಂದರು. ಹೊರಗಿನ ಬೆಂಚಿನ ಮೇಲೆ ಅವಳ ಗಂಡ ಜೀಪಿನ ಕೀಲಿ ಹಿಡಿದು ಕೂತಿದ್ದರು. ಎಲ್ಲಿಗೂ ಹೊರಡಲಿಕ್ಕಿರಲಿಲ್ಲ, ಸುಮ್ಮನೆ ಹಿಡಿದಿದ್ದರು.

ಪೊಲೀಸರು ಬಂದು ಕೇಳಿದಾಗ, ಯಾರೋ ಬಿಸಾಡಿದ ಬಾಟ್ಲಿ, ನೋಡದೆ ಬಾಯಿಗಿಟ್ಟೆ ಎಂದಷ್ಟೇ ಹೇಳಿದಳು. ನಾನೂ ಅದನ್ನೇ ಹೇಳಿದೆ. ಗಂಡನಿಗೆ ಮಾತ್ರ ಕಿವಿಯಲ್ಲಿ ಎಲ್ಲ ಹೇಳಿದ್ದಳು. ಹನ್ನೊಂದನೇ ದಿನ ಬೆಳಿಗ್ಗೆ ತೀರಿಕೊಂಡಳು.

ಊರು ನಂಬಲಿಲ್ಲ. ನಮ್ಮ ಕಡೆ ಆ ಔಷಧಿ ಹೆಂಗಸಿನ ಹೊಟ್ಟೆಗೆ ಹೋಯಿತೆಂದರೆ ಅದಕ್ಕೆ ಒಂದೇ ಅರ್ಥ. ಮಕ್ಕಳಾಗದ ಕೊರಗಿಗೆ ಕುಡಿದಳು ಎಂದರು ಕೆಲವರು. ಗಂಡನ ಕಾಟಕ್ಕೆ ಎಂದರು ಉಳಿದವರು. ಒಂದು ದಿನ ಅವಳ ಗಂಡನನ್ನು ಶಾಲೆಯ ಹತ್ತಿರ ತಡೆದು, ನಾನು ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಗಂಬೂಟಿನ ಹೂಗಳನ್ನು ನೋಡುತ್ತಲೇ ಹೇಳಿದರು.

"ಅವ್ಳು ಬೇಡ ಅಂದಿದಾಳೆ ಟೀಚರೇ. ನನ್ನ ಬೈದ್ರೆ ಬೈಕೊಳ್ಲಿ."

ಹೋಟೆಲಿನಲ್ಲಿ ಅವರು ಕೂತರೆ ಪಕ್ಕದವರು ಎದ್ದುಹೋಗುತ್ತಿದ್ದರು. ಅವರ ಜೀಪಿಗೆ ಹತ್ತುವವರು ಕಮ್ಮಿಯಾದರು. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಜೀಪು ಮಾರಿ ಸಂಸೆಯ ಕಡೆ ಎಲ್ಲೋ ಕೂಲಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ನನಗೆ ತಿಳಿದದ್ದು ವರ್ಷದ ಮೇಲೆ. ಅಷ್ಟರಲ್ಲಿ ನಾನು ವರ್ಗವಾಗಿ ಮೂಡಿಗೆರೆಗೆ ಬಂದಿದ್ದೆ. ಮಾತು ಉಳಿಸಿಕೊಂಡೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದರಿಂದ ನಾನು ಅಂದು ಓಡದೆ ಗಂಟೆ ಹೊಡೆದದ್ದೂ ಮುಚ್ಚಿಹೋಗಿತ್ತು ಎಂಬುದು ಗೊತ್ತಿಲ್ಲದೆ ಇರಲಿಲ್ಲ...

ಜ್ವರ ಬಿಟ್ಟು ಮನೆಗೆ ಬಂದು ಹದಿನೈದು ದಿನಕ್ಕೆ ಆ ಹಸಿರು ಬಾಟ್ಲಿಯ ಹುಡುಗಿ ಬಂದಳು. ಈಗ ಇಪ್ಪತ್ತೊಂದು. ನನಗೆ ಹುಷಾರಿಲ್ಲ ಎಂದು ಯಾರೋ ಹೇಳಿದ್ದರಂತೆ. ಕಾಫಿ ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಕೇಳಿದಳು.

"ಟೀಚರ್, ಅಡುಗೆಯಕ್ಕ ಬಾಯಿಟ್ಟಿದ್ದು ನನ್ನ ಬಾಟ್ಲಿಗೇ ಅಲ್ವಾ?"

ಯಾರು ಹೇಳಿದರು ಎಂದೆ. ಯಾರೂ ಹೇಳಿಲ್ಲ ಎಂದಳು. ಶುಕ್ರವಾರ ಊಟ ಮುಗಿದ ಮೇಲೆ ಮಕ್ಕಳೆಲ್ಲ ತಮ್ಮ ತಮ್ಮ ಹೆಸರು ಹುಡುಕುತ್ತ ಬೇಲಿಯುದ್ದಕ್ಕೂ ಓಡಿದ್ದರಂತೆ. ಅವಳ ಹೆಸರು ಮಾತ್ರ ಇರಲಿಲ್ಲ. ಮೂರು ಸಲ ಎಣಿಸಿದಳಂತೆ, ಇಪ್ಪತ್ತೆರಡೇ. ಮುಂದಿನ ವಾರ ಆಸ್ಪತ್ರೆಯ ಸುದ್ದಿ ಬಂದಾಗ, ಮನೆಯಲ್ಲಿ ಅಜ್ಜ ಶೆಡ್ಡಿನಲ್ಲಿ ಏನನ್ನೋ ಹುಡುಕಿ ಬೈಯುತ್ತಿದ್ದರಂತೆ. ಎಂಟು ವರ್ಷದ ಮಗು ಎರಡನ್ನೂ ಕೂಡಿಸಿಕೊಂಡಿತ್ತು. ಅಂದಿನಿಂದ ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ನಾವು ಮೂವರು ದೊಡ್ಡವರು ಅವಳಿಂದ ಮುಚ್ಚಿಟ್ಟಿದ್ದೇವೆ ಅಂದುಕೊಂಡಿದ್ದನ್ನು ಅವಳು ಒಬ್ಬಳೇ ಹೊತ್ತುಕೊಂಡು ಬೆಳೆದಿದ್ದಳು.

ಹೌದು ಎಂದೆ. ಅವಳು ಅಳಲಿಲ್ಲ. ಅಡುಗೆಯಕ್ಕ ಬೇಕೆಂದೇ ಕುಡಿದಳು ಅನ್ನುವ ಮಾತು ಸುಳ್ಳೆಂದು ನೀವಾದರೂ ಊರಿಗೆ ಹೇಳಿ, ಬೇಕಾದರೆ ನನ್ನ ಹೆಸರನ್ನೂ ಹೇಳಿ ಎಂದಳು.

ಹೋದ ವಾರ ಬಾಳೂರಿಗೆ ಹೋಗಿದ್ದೆ. ಹುಡುಗಿಯ ಹೆಸರು ಬಿಟ್ಟು, ಉಳಿದದ್ದನ್ನೆಲ್ಲ ಹೇಳಬೇಕೆಂದು ಹೋಗಿದ್ದೆ. ಮಕ್ಕಳಿಲ್ಲದೆ ಶಾಲೆ ಮುಚ್ಚಿ ನಾಲ್ಕು ವರ್ಷವಾಯಿತಂತೆ. ಜೀಪು ನಿಲ್ಲುವಲ್ಲಿನ ಹೋಟೆಲಿಗೆ ಹೋಗಿ ಕೂತೆ. ಹಿಂದೆ ಆ ಗಂಡ ಹೆಂಡತಿಯ ಬಗ್ಗೆ ಹೆಚ್ಚು ಮಾತಾಡಿದ್ದು ಅಲ್ಲಿಯವರೇ. ಗಲ್ಲಾದಲ್ಲಿ ಕೂತಿದ್ದವರಿಗೆ ಶಾಲೆಯ ಹೆಸರು ಹೇಳಿ, ಅಲ್ಲಿನ ಅಡುಗೆಯಕ್ಕ ವಿಷ ಕುಡಿದು ಸತ್ತದ್ದಲ್ಲ ಎಂದೆ. ಗಂಡನ ತಪ್ಪು ಏನೂ ಇರಲಿಲ್ಲ ಎಂದೆ. ಎಲ್ಲ ಹೇಳಿದೆ, ನಾನು ಓಡದೆ ನಿಂತದ್ದನ್ನೂ.

ಅವರು ಪಾಪ, ಮರ್ಯಾದೆಯಿಂದ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, ಬೇಜಾರು ಮಾಡಿಕೊಳ್ಳಬೇಡಿ, ನಾವು ಈ ಹೋಟೆಲು ತಗೊಂಡು ಮೂರು ವರ್ಷವಾಯಿತು ಎಂದರು.

"ಯಾರ ವಿಷ್ಯ ಮೇಡಂ, ನೀವು ಹೇಳ್ತಿರೋದು?"