ಗಾಯಾಳು ಮಾವ

ಗಾಯಾಳು ಮಾವನ ಜಾಗಕ್ಕೆ ಈ ವರ್ಷ ಒಂದು ಗೊಂಬೆ ಬಂತು. ರಬ್ಬರಿನದು, ಆಳೆತ್ತರದ್ದು. ಚಂಡಮಾರುತದ ತಾಲೀಮಿಗೆಂದು ಪರಿಹಾರ ಕಚೇರಿಯವರು ಅದನ್ನು ಜೀಪಿನಿಂದ ಇಳಿಸುವಾಗ ಮಾವ ತನ್ನ ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದ.

"ಬಾಯೇ ಇಲ್ವಲ್ಲ ಇದಕ್ಕೆ" ಎಂದ. "ನೋವಾದ್ರೆ ಹೇಗೆ ಕೂಗುತ್ತೆ?"

ಕೂಗುವ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಹತ್ತಾರು ವರ್ಷ ಅವನು ಕೂಗಿದ್ದನ್ನು ಊರೆಲ್ಲ ಕೇಳಿದೆ. ಈಗ ನೋಡಿದರೆ ಯಾರೂ ನಂಬಲಿಕ್ಕಿಲ್ಲ, ಮೈಯೆಲ್ಲ ಇಳಿದುಹೋಗಿದೆ, ಅಂಗಿ ಹ್ಯಾಂಗರಿಗೆ ಹಾಕಿದಂತೆ ಕಾಣುತ್ತದೆ. ಆಗ ಹಾಗಿರಲಿಲ್ಲ. ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಒಡೆದು ಮೀನುದೋಣಿಗಳಿಗೆ ತುಂಬುವ ಕೆಲಸ ಅವನದು. ಅವನು ಹತ್ತಿದರೆ ದೋಣಿ ಒಂದು ಕಡೆಗೆ ವಾಲುತ್ತಿತ್ತು. ಮದುವೆಯ ಗೋಜಿಗೆ ಹೋದವನಲ್ಲ. ಎರಡು ಹೊತ್ತಿನ ಊಟ ಅಕ್ಕನ ಮನೆಯಲ್ಲಿ, ಬೈಗುಳವೂ ಅಲ್ಲೇ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆ ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ. ಕಡಲಿನ ಒಡ್ಡಿನ ಹಿಂದೆ ತಗ್ಗಿನಲ್ಲಿ ಒಂದು ತುಂಡು ಹೊಲ, ಅದರ ಬದಿಗೆ ಮಣ್ಣಿನ ಗೋಡೆಯ ಮನೆ. ಬದನೆ, ಬೆಂಡೆ ಬೆಳೆದು ತಾನೇ ಮಾರುಕಟ್ಟೆಗೆ ಹೊತ್ತು ತಂದು ಮಾರುತ್ತಿದ್ದಳು.

ಊರಿನ ಅರ್ಧ ಜನ ಬಲೆ ಬೀಸುವವರು, ಇನ್ನರ್ಧ ಜನ ಬೇಸಾಯದವರು. ಅಜ್ಜಂದಿರ ಕಾಲದಲ್ಲಿ ಒಮ್ಮೆ ಬಂದಿತ್ತಂತೆ ಎಂದು ಹೇಳಿಕೊಳ್ಳುತ್ತಿದ್ದ ಬಿರುಗಾಳಿ, ಆ ದಿನಗಳಲ್ಲಿ ನಾಚಿಕೆಯಿಲ್ಲದ ನೆಂಟನಂತೆ ಮೇಲಿಂದ ಮೇಲೆ ಬರತೊಡಗಿತ್ತು. ಕಡಲು ಬಿಸಿಯಾಗುತ್ತಿದೆ, ಇನ್ನು ಮುಂದೆ ಹೀಗೇ ಎಂದು ಕಚೇರಿಯಿಂದ ಬಂದ ಹೆಂಗಸೊಬ್ಬಳು ಹೇಳಿದಳು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಅವಳು ಸೀಟಿ ಮೇಡಂ ಆದಳು. ಶಾಲೆಯ ಮಾಳಿಗೆಯ ಮೇಲೆ ಸೈರನ್ ಕೂರಿಸಿದಳು. ಅದು ಕೂಗಿದ ಕೂಡಲೇ ಬೀಜದ ಡಬ್ಬಗಳು ಅಟ್ಟಕ್ಕೆ, ದನದ ಹಗ್ಗ ಬಿಚ್ಚಿ ದಿಬ್ಬದ ಕಡೆಗೆ, ದೋಣಿಯ ಎಂಜಿನ್ ಕಳಚಿ ಮೇಲಕ್ಕೆ, ಜನರೆಲ್ಲ ಶಾಲೆಗೆ. ನಡೆಯಲಾರದವರನ್ನು ಹೊತ್ತು ತರಲು ದೋಣಿಯ ಎರಡು ಹುಟ್ಟುಗಳ ನಡುವೆ ಹಳೇ ಬಲೆ ಮಡಚಿ ಬಿಗಿದ ಸ್ಟ್ರೆಚರ್.

ಎಲ್ಲ ಸರಿಯಾಯಿತು, ಆದರೆ ತಾಲೀಮಿನಲ್ಲಿ ಅದರ ಮೇಲೆ ಮಲಗುವವರು ಯಾರು? ಬದುಕಿದ್ದಾಗಲೇ ಹೀಗೆ ಮಲಗಿ ಮೆರವಣಿಗೆ ಹೋಗಲು ಯಾರಿಗೂ ಮನಸ್ಸಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದಾಗ ನಮ್ಮ ಐಸಿನವನು ಆಕಳಿಸುತ್ತ ಮುಂದೆ ಬಂದ. "ಮಲಗೋ ಕೆಲಸ ತಾನೇ? ಅದನ್ನ ನಂಗೆ ಬಿಡಿ."

ಹೊರುವವರ ಮುಖ ಬಾಡಿತು. ಹೇಗೋ ಎತ್ತಿದರು, ಶಾಲೆಯ ಮೆಟ್ಟಿಲಿನವರೆಗೆ ತಂದರು, ಅಲ್ಲಿ ದೊಪ್ಪನೆ ಕೆಡವಿದರು. ಅವನು ಇಟ್ಟ ಕೂಗಿಗೆ ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಎಂಥ ಅಭಿನಯ ಎಂದು ಜನ ಚಪ್ಪಾಳೆ ತಟ್ಟಿದರು. ಪಾಪ, ಅವನ ಸೊಂಟದ ಬಾವು ಇಳಿಯಲು ವಾರ ಹಿಡಿಯಿತು.

ಆಮೇಲೆ ಪ್ರತಿ ವರ್ಷ ಗಾಯಾಳುವಿನ ಪಾತ್ರ ಅವನದೇ. ಒಂದು ವರ್ಷ ಕಾಲು ಮುರಿತ, ಒಂದು ವರ್ಷ ಹಾವು ಕಡಿತ. ಒಂದು ವರ್ಷವಂತೂ ಹೊಟ್ಟೆಯ ಮೇಲೆ ದಿಂಬು ಕಟ್ಟಿಕೊಂಡು ಹೆರಿಗೆ ನೋವು. ಸೀಟಿ ಮೇಡಂ ನಗು ತಡೆಯಲಾರದೆ ಸೀಟಿಯನ್ನೇ ಊದಿಬಿಟ್ಟಳು, ಅದನ್ನು ಕೇಳಿ ಹೊರುವವರು ಅವನನ್ನು ಅರ್ಧ ದಾರಿಯಲ್ಲಿ ಇಳಿಸಿದರು. ಅವನನ್ನು ನೋಡಲಿಕ್ಕೆಂದೇ ಜನ ತಾಲೀಮಿಗೆ ಬರುತ್ತಿದ್ದರು, ಬಂದ ಮೇಲೆ ಬೀಜದ ಡಬ್ಬವನ್ನೂ ಎತ್ತಿಡುತ್ತಿದ್ದರು. ಆ ಮಧ್ಯಾಹ್ನಗಳ ಗಲಾಟೆ, ನಗು, ಬೆವರು ಈಗ ಎಲ್ಲಿ ಸಿಗಬೇಕು!

ಬಾರದವಳು ಒಬ್ಬಳೇ, ಅವನ ಅಕ್ಕ.

"ಹೊರೋರಿಗೆ ಬೆನ್ನು ನೋವು, ನಿನಗೆ ಹಸಿವು. ಚೆನ್ನಾಗಿದೆ ನಾಟಕ" ಎಂದು ತಟ್ಟೆ ಮುಂದಿಡುತ್ತಿದ್ದಳು.

"ನೀನೂ ಒಂದು ಸಲ ಬಂದು ಮಲಗು ಅಕ್ಕ. ಅಭ್ಯಾಸ ಆಗ್ಲಿ."

"ನನ್ನ ಕಾಲಿದೆಯೋ, ನಡೀತೀನಿ. ನಾಲ್ಕು ಜನ ನನ್ನ ಎತ್ತೋದು ಒಂದೇ ಸಲ. ಆಗ ನಂಗೆ ಗೊತ್ತೂ ಆಗಲ್ಲ."

ಆ ಮಾತು ಬಂದರೆ ಅವನು ತಟ್ಟೆ ಬದಿಗೆ ಸರಿಸಿ ಎದ್ದುಬಿಡುತ್ತಿದ್ದ. ಅಕ್ಕನ ಮಂಡಿಗಳು ಆಗಲೇ ಕೈಕೊಡಲು ಶುರುಮಾಡಿದ್ದವು. ಮೊದಮೊದಲು ಗೋಡೆ ಹಿಡಿದು ಎದ್ದಳು, ಆಮೇಲೆ ಕೋಲು ಬಂತು, ಕೊನೆಗೆ ಮಂಚದಿಂದ ಬಾಗಿಲಿಗೆ ಬರುವುದೇ ದೊಡ್ಡ ಪ್ರಯಾಣವಾಯಿತು. ಊರಿನ ಎಲ್ಲ ಮನೆಗಳಿಗಿಂತ ತಗ್ಗಿನಲ್ಲಿದ್ದುದು ಅವಳ ಮನೆ. ಮೋಡ ಕಪ್ಪಾದಾಗಲೆಲ್ಲ ಅವನಿಗೆ ಅದೊಂದೇ ಯೋಚನೆ.

ಆ ದಿನ ಬಂದೇಬಿಟ್ಟಿತು. ಊಟದ ಹೊತ್ತು ಕಳೆದಿತ್ತು, ಅವನು ಫ್ಯಾಕ್ಟರಿಯಲ್ಲಿದ್ದ. ಸೈರನ್ ಕೂಗಿತು, ಸುಮ್ಮನಾಗಲೇ ಇಲ್ಲ. ಗಾಳಿ ತಗಡುಗಳನ್ನು ಕಿತ್ತು ಹಾರಿಸುತ್ತಿತ್ತು. ಮಂಜುಗಡ್ಡೆ ಒಡೆಯುವ ಸುತ್ತಿಗೆ ಬಿಸಾಡಿ ಅವನು ಅಕ್ಕನ ಮನೆಯ ಕಡೆಗೆ ಓಡಿದ. ಆ ಮೈಯಲ್ಲಿ ಓಡಿದ್ದು ಅದೇ ಮೊದಲು, ಅದೇ ಕೊನೆ. ತನ್ನ ಮನೆಯ ಹತ್ತಿರ ಬರುವಾಗ ನೋಡುತ್ತಾನೆ, ಜಗಲಿಯ ಮುಂದೆ ಹೊರುವವರು ಸ್ಟ್ರೆಚರ್ ಬಿಡಿಸಿಕೊಂಡು ನಿಂತಿದ್ದಾರೆ! ಸೈರನ್ ಕೂಗಿದರೆ ಇವನ ಮನೆಗೆ ಓಡಬೇಕು ಎಂದು ಅವರ ಕಾಲುಗಳಿಗೆ ರೂಢಿಯಾಗಿಬಿಟ್ಟಿತ್ತು.

"ಎಲ್ಲಿ ಹೋಗಿದ್ದೆ ಮಾವ? ಬೇಗ ಮಲಗು!" ಎಂದ ಮುಂದಿನ ಹುಟ್ಟು ಹಿಡಿದಿದ್ದವನು.

"ನಾನಲ್ರೋ ಪೆದ್ದುಗಳಾ! ಅಕ್ಕ, ಅಕ್ಕ!"

ಅವರು ಹೋದಾಗ ನೀರು ಅಂಗಳ ದಾಟಿ ಹೊಸ್ತಿಲೊಳಗೆ ನುಗ್ಗಿತ್ತು. ಅಕ್ಕ ಮಂಚದ ಕಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದಳು. ಸ್ಟ್ರೆಚರ್ ಕಂಡದ್ದೇ ತಡ, ಮುಖ ತಿರುಗಿಸಿದಳು.

"ಅದರ ಮೇಲೆ ಮಾತ್ರ ನಾನು ಮಲಗಲ್ಲ. ನೀವು ಹೋಗ್ರಪ್ಪಾ."

ಹೊರುವವರು ಗದರಿದರು, ಕೈಮುಗಿದರು. ಅವಳು ಜಗ್ಗಲಿಲ್ಲ. ಹಿಂದಿನ ಗೋಡೆಯಿಂದ ಮಣ್ಣು ಕಳಚಿ ನೀರಿಗೆ ಬೀಳುತ್ತಿತ್ತು. ಅವನು ನೀರಲ್ಲೇ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ನಂಗೂ ಭಯ ಆಗುತ್ತೆ. ಪ್ರತಿ ವರ್ಷವೂ ಆಗುತ್ತೆ."

"ನಿನಗಾ?"

"ನಾನು ಕೂಗೋದು ನಾಟಕ ಅಂದ್ಕೊಂಡ್ಯಾ? ಮಲಗಿದ್ರೆ ಆಕಾಶ ಬಿಟ್ಟು ಏನೂ ಕಾಣಲ್ಲ. ಎಲ್ಲಿ ತಿರುಗ್ತಾರೆ, ಎಲ್ಲಿ ಇಳೀತಾರೆ, ಒಂದೂ ಗೊತ್ತಾಗಲ್ಲ. ಜೀವ ಬಾಯಿಗೆ ಬರುತ್ತೆ."

"ಮತ್ಯಾಕೋ ಮಲಗ್ತೀಯಾ, ದಡ್ಡ?"

"ಇವತ್ತಿಗೋಸ್ಕರ ಕಣೇ. ಇವರಿಗೆ ಎತ್ತೋದು ಕೈಗೆ ಹತ್ಲಿ ಅಂತ. ಅವತ್ತು ಮೊದಲ ಸಲ ನಿನ್ನ ಮಂಡಿ ನೋಡಿಯೇ ನಾನು ಮಲಗಿದ್ದು. ನನ್ನ ಹೊತ್ತೋರಿಗೆ ನೀನೊಂದು ಭಾರವಾ?"

ಅಕ್ಕ ತಮ್ಮನನ್ನು ನೋಡಿದಳು. ಸೋಮಾರಿ, ಹೊಟ್ಟೆಬಾಕ, ಊರ ನಗೆಪಾಟಲು ಎಂದು ಇಷ್ಟು ವರ್ಷ ಬೈದದ್ದೆಲ್ಲ ಅವಳ ಕಣ್ಣಲ್ಲಿ ತುಂಬಿಕೊಂಡಿತು. ಮಂಚದ ಕಾಲನ್ನು ಬಿಟ್ಟು ಅವನ ತೋಳು ಹಿಡಿದಳು.

"ನೀನು ಪಕ್ಕದಲ್ಲೇ ಇರ್ತೀಯಾ?"

"ಎಲ್ಲಿ ಏನು ಬರುತ್ತೋ ಎಲ್ಲ ಹೇಳ್ತಾ ಬರ್ತೀನಿ. ಕಣ್ಣು ಮುಚ್ಕೋ."

ಎತ್ತಿದರು. ಅವನು ಸೊಂಟಮಟ್ಟದ ನೀರಲ್ಲಿ ಪಕ್ಕದಲ್ಲೇ ನಡೆದ. ದಾರಿಯಲ್ಲಿ ಎಲ್ಲಿ ಸ್ಟ್ರೆಚರ್ ವಾಲುತ್ತದೆ, ಎಲ್ಲಿ ಬೀಳುವಂತಾಗುತ್ತದೆ ಎಂದು ಮಲಗಿ ಮಲಗಿಯೇ ತಿಳಿದುಕೊಂಡಿದ್ದ. "ಈಗ ತಗ್ಗು, ಅಕ್ಕಾ. ಕಾಲು ಕೆಳಗಾಗುತ್ತೆ." "ಈಗ ಬಾವಿ ಪಕ್ಕ ಹೋಗ್ತಿದೀವಿ, ಅಕ್ಕಾ. ಎಡಕ್ಕೆ ತಿರುಗ್ತಾರೆ." "ಈಗ ಶಾಲೆ ಮೆಟ್ಟಿಲು, ಅಕ್ಕಾ. ಕಾಲು ಮೇಲಾಗುತ್ತೆ."

"ಬಾಯಿ ಮುಚ್ಕೊಂಡು ನಡಿಯೋ. ನನ್ನೂರು ನನಗೆ ಗೊತ್ತು" ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. ಅವನ ಅಂಗಿಯ ತೋಳನ್ನು ಮಾತ್ರ ಬಿಡಲಿಲ್ಲ. ಶಾಲೆಯ ಬೆಂಚಿನ ಮೇಲೆ ಇಳಿಸಿದ ಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸಂಜೆಯೊಳಗೆ ಆ ಮನೆ ಕುಸಿಯಿತು. ಒಡ್ಡು ಒಡೆದು ಹೊಲಕ್ಕೆ ಉಪ್ಪುನೀರು ನುಗ್ಗಿತು, ದಾರಿಯ ತಿರುವಿನ ಬಾವಿಯೂ ಉಪ್ಪಾಯಿತು. ಅದನ್ನು ಆಮೇಲೆ ಮಣ್ಣು ತುಂಬಿ ಮುಚ್ಚಿದರು. ಅಕ್ಕ ತಮ್ಮನ ಮನೆಗೆ ಬಂದು ಇನ್ನೂ ಬಹಳ ವರ್ಷ ಬದುಕಿದಳು. ಪ್ರತಿ ತಾಲೀಮಿನಲ್ಲೂ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, "ಬಗ್ಗಿ ಎತ್ರೋ! ಮಾತಾಡಿಸ್ತಾ ಹೋಗಿ ಅವನನ್ನ!" ಎಂದು ದಬಾಯಿಸುತ್ತಿದ್ದಳು. ಹೊರುವವರು ಏನು ಮಾತಾಡಬೇಕೆಂದು ತಿಳಿಯದೆ ಅವತ್ತು ಕೇಳಿಸಿಕೊಂಡದ್ದನ್ನೇ ಹೇಳುತ್ತ ಹೋಗುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಅವಳು ನಿದ್ದೆಯಲ್ಲೇ ಹೋದಳು. ಕುರ್ಚಿಯನ್ನು ಅವನು ಒಳಗೆ ತೆಗೆದಿಡಲಿಲ್ಲ. ಈಗ ಅವನೇ ಕೂರುವುದು ಅದರಲ್ಲಿ.

ಗೊಂಬೆಯ ಮೊದಲ ತಾಲೀಮಿನ ದಿನವೂ ಅಲ್ಲೇ ಕೂತಿದ್ದ, ಮುನಿಸಿಕೊಂಡು. ಸೈರನ್ ಆಯಿತು. ಹೊರುವವರು ಈಗ ಹೊಸಬರು, ಹುಡುಗಿಯರೂ ಇದ್ದಾರೆ. ಅಕ್ಕನನ್ನು ಹೊತ್ತು ತಂದ ಆ ಬಿರುಗಾಳಿಯ ವರ್ಷ ಇವರಲ್ಲಿ ಯಾರೂ ಹುಟ್ಟಿರಲಿಲ್ಲ. ಹಿರಿಯರು ಕಲಿಸಿದಂತೆ ಬಗ್ಗಿ ಗೊಂಬೆಯನ್ನು ಎತ್ತಿದರು. ಮುಂದಿದ್ದ ಹುಡುಗಿ ಅದರ ಮುಖದ ಕಡೆಗೆ ತಿರುಗಿ, ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಹೇಳಿದಳು: "ಈಗ ತಗ್ಗು, ಅಕ್ಕಾ. ಕಾಲು ಕೆಳಗಾಗುತ್ತೆ."

ಮಾವ ಕುರ್ಚಿಯ ತೋಳುಗಳನ್ನು ಹಿಡಿದುಕೊಂಡು ಎದ್ದು ನಿಂತ. ಅವರು ಮುಂದೆ ಹೋದರು. ತಿರುವಿನಲ್ಲಿ ಬರೀ ಹುಲ್ಲು ಬೆಳೆದ ನೆಲವಿತ್ತು.

"ಈಗ ಬಾವಿ ಪಕ್ಕ ಹೋಗ್ತಿದೀವಿ, ಅಕ್ಕಾ" ಎಂದಳು ಹುಡುಗಿ.