ಎರವಲು ಸೀರೆಯ ಸಾಮ್ರಾಜ್ಞಿ

ಧನಕವಡಿಯ ನಮ್ಮ ಗಲ್ಲಿಗೂ ಒಬ್ಬ ರಂಗಸಾಮ್ರಾಜ್ಞಿ ಇದ್ದಾಳೆ: ನೀತಾ. ಮರಾಠಿ ಧಾರಾವಾಹಿಗಳಲ್ಲಿ ಅವಳು ಏರದ ಶಿಖರವಿಲ್ಲ. ನರ್ಸಾಗಿ ಯಾರದೋ ಕಾಲಿಗೆ ಪಟ್ಟಿ ಸುತ್ತಿದ್ದಾಳೆ, ಮದುವೆ ಮುರಿದಾಗ ಗುಂಪಿನಲ್ಲಿ ನಿಂತು ಬಾಯಿಗೆ ಕೈ ಹಿಡಿದಿದ್ದಾಳೆ, ಒಮ್ಮೆ ಹೆಣವಾಗಿ ಮಲಗಿ ಸೀನಿಯೂ ಇದ್ದಾಳೆ. ಇಷ್ಟು ಕೀರ್ತಿ ಸಾಲದೆ ಈ ವರ್ಷ ಲೇಖನಿಯನ್ನೂ ಹಿಡಿದಳು. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆದವಳೂ ಅವಳೇ, ನಾಯಕಿಯೂ ಅವಳೇ.

ನಾಯಕಿಯೆಂದರೆ ಕಾಲೆಳೆಯುತ್ತ ಮನೆಮನೆ ತಿರುಗಿ, ಪರರ ಪಾತ್ರೆಗಳ ಮುಚ್ಚಳ ಎತ್ತಿ ನೋಡುವ ಮುದುಕಿ. ಅಂಥವಳನ್ನು ಹುಡುಕಲು ನೀತಾ ಬಹಳ ದೂರ ಹೋಗಲಿಲ್ಲ. ಎದುರುಮನೆಯ ಬಸವಣ್ಣೆವ್ವನ ತನಕ ಹೋದಳು, ಅಷ್ಟೆ. ನೀತಾ ಶೂಟಿಂಗಿಗೆ ಹೋದ ದಿನ ಅವಳ ಮಗಳು ಇಂಪನಾಳನ್ನು ಶಾಲೆಯಿಂದ ಕರೆತಂದು ಉಣಿಸುತ್ತಿದ್ದವಳೂ ಆ ಬಸವಣ್ಣೆವ್ವನೇ. ಪಾಪ, ಅವಳಿಗೆಲ್ಲಿ ಗುರುತು ಸಿಗುತ್ತದೆ ಎಂದು ಲೇಖಕಿ ಧೈರ್ಯ ತಂದುಕೊಂಡಳು. ಧೈರ್ಯ ಎಷ್ಟು ಉಬ್ಬಿತೆಂದರೆ, ವೇಷಕ್ಕೆಂದು ಅವಳ ಇಳಕಲ್ಲ ಸೀರೆಯನ್ನೇ ಎರವಲು ಕೇಳಿದಳು.

"ಒಯ್ಯಿ, ಯವ್ವಾ. ನನ್ನ ಸೀರಿ ನಾಟಕಕ್ಕ ಹೊಂಟ್ರ ನಾನೂ ಹೊಂಟಂಗ," ಎಂದಳು ಮುದುಕಿ.

ನಾಟಕದ ದಿನ ಬಸವಣ್ಣೆವ್ವ ಗಲ್ಲಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಳು. ನೀತಾ ಕಾಲೆಳೆಯುತ್ತ ರಂಗಕ್ಕೆ ಬಂದಳು.

"ಅಯ್ಯ, ಇದು ನಮ್ಮ ಬಸವಣ್ಣೆವ್ವ ಕಾಕೂನ ಅಲ್ಲೇನ?" ಎಂದಳು ಪಕ್ಕದ ಮನೆಯ ರಂಜನಾ, ಎಲ್ಲರಿಗೂ ಕೇಳುವ ಹಾಗೆ.

ಸಭೆ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿತು. ನಟಿ ಬಾಳಿನಲ್ಲಿ ಕಂಡ ಮೊದಲ ಚಪ್ಪಾಳೆ ಅದು. ಆಸೆ ತಡೆಯದೆ ಇನ್ನೊಂದು ಸುತ್ತು ಕಾಲೆಳೆದಳು. ಆಮೇಲೆ ಮುಂದಿನ ಸಾಲಿನ ಮೇಲೆ ಕಣ್ಣು ಬಿತ್ತು. ಬಸವಣ್ಣೆವ್ವ ನಗುತ್ತಿರಲಿಲ್ಲ, ನೀತಾಳ ಮೈಮೇಲಿದ್ದ ತನ್ನ ಸೀರೆಯ ಸೆರಗನ್ನೇ ನೋಡುತ್ತಿದ್ದಳು. ಉಳಿದ ಮಾತುಗಳನ್ನೆಲ್ಲ ನೀತಾ ನೆಲಕ್ಕೆ ಹೇಳಿ ಮುಗಿಸಿದಳು.

ಮರುದಿನ ಇಸ್ತ್ರಿ ಮಾಡಿದ ಸೀರೆ ಹಿಡಿದು ಸಾಮ್ರಾಜ್ಞಿ ಎದುರುಮನೆಯ ಹೊಸ್ತಿಲಲ್ಲಿ ನಿಂತಳು. ಸ್ವತಃ ಬರೆದು ಬಾಯಿಪಾಠ ಮಾಡಿದ ಕ್ಷಮಾಪಣೆ ಅರ್ಧಕ್ಕೇ ಕೈಕೊಟ್ಟಿತು.

"ಕಾಕೂ, ನಂದು ತಪ್ಪಾತ್ರಿ. ಇನ್ನ ನಮ್ಮ ಮನಿಗೆ ಬರೂದು ಬಿಡಬ್ಯಾಡ್ರಿ..."

"ಮೊದ್ಲ ಕೂಡು. ಮುತ್ತೈದಿ ಬಂದು ಬರೇ ಉಡಿಲೇ ಹೋಗಬಾರ್ದು."

ಮುದುಕಿ ಕುಂಕುಮ ಹಚ್ಚಿದಳು. ನೀತಾ ಉಡಿ ತುಂಬಿಸಿಕೊಳ್ಳಲು ಸೆರಗೊಡ್ಡಿದಳು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಒಂದೊಂದಾಗಿ ಬಿದ್ದಂತೆ ಅವಳ ತಲೆಯೂ ಬಗ್ಗುತ್ತ ಹೋಯಿತು.

"ನಡಿಗಿ ಭಾಳ ಛಲೋ ಮಾಡಿದಿ," ಎಂದಳು ಬಸವಣ್ಣೆವ್ವ, ಕುಬಸದ ಖಣ ಇಡುತ್ತ. "ಆದ್ರ ನಂದು ಎಡಗಾಲವ್ವಾ. ನೀ ಬಲಗಾಲು ಎಳದಿ. ಇಂಪನಾನ್ನ ಎತ್ಕೊಂಡು ನಿಮ್ಮ ಮೆಟ್ಟಲ ಹತ್ತೂ ಮುಂದ ಜಾರಿ ಬಿದ್ದಿದ್ನೆಲ್ಲ, ಆ ಕಾಲು."

ನೀತಾ ಉಡಿಯೊಳಗಿನ ಅಕ್ಕಿ ನೋಡುತ್ತ ಕೂತಳು. ಮುದುಕಿ ಬಿದ್ದ ದಿನ ಅವಳು ಕಾತ್ರಜದ ಸೆಟ್ಟಿನಲ್ಲಿದ್ದಳು, ನರ್ಸಾಗಿ, ಯಾರದೋ ಕಾಲಿಗೆ ಪಟ್ಟಿ ಸುತ್ತುತ್ತ.